ಪೊಂಟುವಿನ ಪುಸ್ತಕ

ಮೊದಲು ಕೋಳಿ ಬಿಡಿಸಿದೆ. ಆಮೇಲೆ ಗೋಧಿ, ಹಾಲು,
ಪಕ್ಕದ ಮನೆಯ ಹೆಲ್ಯು ಬೇಲಿಯ ಮೇಲಿಂದ ಎಸೆಯುತ್ತಿದ್ದ
ಹೊಗೆಮೀನಿನ ತಲೆ. ಅದರ ಸಲುವಾಗಿ ಅವಳ ಜೊತೆ ಮಾತೂ ಬಿಟ್ಟೆ.
ಗಂಜಿ, ಬರೀ ಅಕ್ಕಿಗಂಜಿ, ಹದಿನೇಳು ದಿನ.
ಆದರೂ ನಸುಕಿಗೆ ಬಾಗಿಲ ಬಳಿ ಹಳದಿ ನೊರೆ.
ಹಿಮದಲ್ಲಿ ಟಾರ್ಚು ಹಿಡಿದು ಕುಕ್ಕರುಗಾಲಲ್ಲಿ ಕೂತು
ನಾಯಿಯ ಭೇದಿಯ ಬಣ್ಣ ಬರೆದುಕೊಂಡೆ.
ಹೆತ್ತ ಮಗನದನ್ನೂ ಇಷ್ಟು ನಿಗಾ ಇಟ್ಟು ನೋಡಿದವಳಲ್ಲ.

ಕುರೆಸ್ಸಾರೆಯ ಡಾಕ್ಟರು ವಿರ್ವೆ ಪುಸ್ತಕ ತಿರುವಿದರು.
ತಿಂದದ್ದರ ಪಟ್ಟಿ ಓದಲೇ ಇಲ್ಲ,
ತಾರೀಖುಗಳ ಮೇಲಷ್ಟೇ ಬೆರಳು ಓಡಿಸಿ:
"ಸೋಮವಾರ. ಒಂದು ಬಿಟ್ಟು ಒಂದು.
ಭಾನುವಾರ ಏನಿರುತ್ತೆ ನಿಮ್ಮಲ್ಲಿ?"

ಭಾನುವಾರ ನಾಲ್ಕರ ಹಡಗಿಗೆ
ಉಕುವನ್ನು ಅವನ ಅಪ್ಪನ ಹತ್ತಿರ ಕಳಿಸುತ್ತೇನೆ.
ಹೇಳಲಿಲ್ಲ. ಗೋಡೆಯ ಮೇಲಿದ್ದ ಬೆಕ್ಕಿನ ಅಸ್ಥಿಪಂಜರದ ಚಿತ್ರ ನೋಡಿದೆ.

ರಕ್ತ ತೆಗೆದರು. ಶುಕ್ರವಾರ ಫೋನು:
ರೋಗ ಕರುಳಿನದಲ್ಲವಂತೆ.
ಕಿಡ್ನಿಯ ನೆತ್ತಿಯಲ್ಲಿ ಅವರೆಕಾಳಿನಷ್ಟು ಎರಡು ಗ್ರಂಥಿ
ಬತ್ತಿವೆಯಂತೆ. ದಿನ ನೆಟ್ಟಗಿದ್ದರೆ ಹೇಗೋ ತಳ್ಳುತ್ತದೆ,
ಮನೆ ಸ್ವಲ್ಪ ಅಲುಗಿದರೆ ಹೊಟ್ಟೆ ಕೈಬಿಡುತ್ತದೆ.
ಗುಳಿಗೆ ಸಾಕು, ಬದುಕಿರುವವರೆಗೆ.

ಕರುಳಿನದಲ್ಲ,
ಎಂದು ಒಬ್ಬಳೇ ಎರಡು ಸಲ ಅಂದುಕೊಂಡೆ.

ಈಗ ಬೆಳಿಗ್ಗೆ ಚೀಸಿನ ಚೂರಲ್ಲಿ ಅರ್ಧ ಗುಳಿಗೆ.
ಹೆಲ್ಯುಗೆ ಒಂದು ಬಾಟಲಿ ಜಾಮು ಕೊಟ್ಟುಬಂದೆ;
ತೆಗೆದುಕೊಂಡಳು, ನಗಲಿಲ್ಲ.
ಪೊಂಟು ದುಂಡಗಾಗಿದೆ, ಚಪ್ಪಲಿ ಕದಿಯುತ್ತದೆ.

ಉಕು ಚೀಲಕ್ಕೆ ಕಾಲುಚೀಲ ತುರುಕುತ್ತ
ನನಗೂ ಹೊಟ್ಟೆನೋವು, ಅನ್ನುತ್ತಾನೆ.
ಎಷ್ಟು ಭಾನುವಾರಗಳಿಂದ ಅನ್ನುತ್ತಿದ್ದಾನೋ,
ನಾನು ಬರೆದಿಟ್ಟುಕೊಂಡಿಲ್ಲ.