ಮೊಣಕೈ ಮಟ್ಟ

ವಿರ್ವೆಗೆ ಅರವತ್ತೊಂದು. ಮೂವತ್ತು ವರ್ಷ
ಸಾರೆಮಾ ದ್ವೀಪದ ಫೆರಿಯ ಹೊಟ್ಟೆಗೆ ಲಾರಿ ತುಂಬಿದವಳು.
ಹಳದಿ ಕೋಟು ತೊಟ್ಟು, ಹಿಂದಹಿಂದಕ್ಕೆ ನಡೆಯುತ್ತ,
ಎರಡು ಕೈಯಲ್ಲೇ ಮಾತಾಡಿದವಳು:
ಬಾ, ಬಾ, ಇನ್ನೊಂದು ಗೇಣು, ಇನ್ನೆರಡು ಬೆರಳು, ಸಾಕು.

ಈಗ ಅವಳಿಗೊಂದು ಲೇತ್ ಬೇಕು, ಮರ ಕಡೆಯುವುದು.
ಇಡಲು ಜಾಗ ಹಳೆಯ ಸೌನಾದ ಮುಂದಿನ ಕೋಣೆ:
ಒಂಬತ್ತಡಿ, ಆರಡಿ.
ಬಟ್ಟೆ ಕಳಚಿ ತೂಗುತ್ತಿದ್ದ ಮೊಳೆಗಳು ಇನ್ನೂ ಗೋಡೆಯಲ್ಲಿ.
ಪ್ಲಗ್ಗು ಒಂದೇ. ಕಿಟಕಿಯೂ ಒಂದೇ, ಅದೂ ಬಡಗಣಕ್ಕೆ.

ತಾಲಿನ್ನಿನ ಅಂಗಡಿಯಲ್ಲಿ ಹೊಸದು ನೋಡಿದಳು.
ದಂತವೈದ್ಯರ ಕುರ್ಚಿಯ ಹಾಗೆ ಬೆಳ್ಳಗೆ,
ತಿರುಪಿದರೆ ವೇಗ, ಒತ್ತಿದರೆ ಅಂಕಿ.
ಅರ್ಧ ಮೀಟರು ಅಗಲದ ಬೋಗುಣಿಯೂ ಆಗುತ್ತೆ,
ಎಂದ ಮಾರುವ ಹುಡುಗ.
ನಮ್ಮಲ್ಲಿ ಬೆಳೆಯುವುದು ಜೂನಿಪರ್, ಎಂದಳು ಇವಳು,
ನೂರಾರು ವರ್ಷ ಗಾಳಿ ತಿಂದು
ತೊಡೆಯಷ್ಟು ದಪ್ಪ ಆದರೆ ಹೆಚ್ಚು.
ಅವನು ಬೆಲೆ ಇಳಿಯುವ ಸೋಮವಾರದ ಮಾತೆತ್ತಿ
ಅವಳ ಮೊಣಕೈಗೆ ಬೆಲ್ಲ ಹಚ್ಚಿ ಕಳಿಸಿದ.
ಬಸ್ಸಿನಲ್ಲಿ ನಾಲ್ಕು ಗಂಟೆ
ಅದನ್ನು ನೆಕ್ಕಲು ನೋಡುತ್ತ ಬಂದಳು.

ಆಮೇಲೆ ಎಂಡೆಲ್‌ನ ಕೊಟ್ಟಿಗೆ.
ಮುಚ್ಚಿದ ಕುರ್ಚಿ ಕಾರ್ಖಾನೆಯದು,
ಬೀಡುಕಬ್ಬಿಣ, ಆರು ಕ್ವಿಂಟಾಲು, ಹಸಿರು ಬಣ್ಣ ಚಕ್ಕೆ ಎದ್ದಿದೆ.
ಇದು ನಡುಗಬೇಕಾದರೆ ದ್ವೀಪ ನಡುಗಬೇಕು, ಎಂದ ಎಂಡೆಲ್.
ಅಂಗೈ ಇಟ್ಟಳು. ಆಸೆಯಾಯಿತು.
ಸುಳ್ಳೇಕೆ, ಬಹಳ ಆಸೆಯಾಯಿತು.
ಆದರೆ ಅದರ ಮೋಟಾರಿಗೆ ಮೂರು ಫೇಸು ಬೇಕು,
ಅದರ ಹಾಸು ಹನ್ನೊಂದಡಿ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ,
ಇಲ್ಲಿ ಗೋಡೆ ಬಿಟ್ಟಷ್ಟೇ ಹಾಸು.

ಮೂರನೆಯದು ಶಾಲೆಯದು. ಮಕ್ಕಳು ಸಾಲದೆ ಬೀಗ ಬಿದ್ದ ಶಾಲೆ.
ಮುಚ್ಚಳದ ತಗಡಿನ ಮೇಲೆ ಮೊಳೆಯಿಂದ ಗೀಚಿದ ಹೆಸರುಗಳು:
ತಾರ್ಮೋ, ಇಂದ್ರೆಕ್, ತಾರ್ಮೋ, ತಾರ್ಮೋ.
ವೇಗ ಬದಲಿಸಲು ಬೆಲ್ಟನ್ನು ಕೈಯಲ್ಲೇ
ಗಾಲಿಯಿಂದ ಗಾಲಿಗೆ ದಾಟಿಸಬೇಕು.
ಕಾವಲಿನ ಸಾಲ್ಮೆ ಗುಂಡಿ ಒತ್ತಿದಳು.

ವಿರ್ವೆ ಬೂಟು ಬಿಚ್ಚಿದಳು. ಕಾಲುಚೀಲವನ್ನೂ.
ತಣ್ಣನೆ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಿಂತು
ಕಣ್ಣು ಮುಚ್ಚಿದಳು.
ಮೂವತ್ತು ವರ್ಷ ಎಂಜಿನ್ನಿನ ನೆತ್ತಿಯ ಮೇಲೆ ನಿಂತ ಪಾದ
ಕಿವಿಗಿಂತ ಮೊದಲು ಕೇಳಿಸಿಕೊಳ್ಳುತ್ತದೆ.
ಎಡಗಡೆ ಬೇರಿಂಗು, ಎಂದಳು, ಸಾಸಿವೆಯಷ್ಟು ಅದುರು.
ಮಿಕ್ಕಿದ್ದು ಸರಿ.
ಆ ಸಾಸಿವೆಗೆ ನಲವತ್ತು ಯೂರೋ ಇಳಿಯಿತು.

ತೊಡಕು ಒಂದೇ: ಹನ್ನೆರಡರ ಮಕ್ಕಳ ಎತ್ತರಕ್ಕೆ ಕೂರಿಸಿದ್ದು.
ಕಡೆಯುವವರ ಮೊಣಕೈ ಎಲ್ಲೋ ಅಲ್ಲಿ ತಿರುಗಬೇಕು ಕದಿರು,
ತಗ್ಗಿದರೆ ಸಂಜೆ ಬೆನ್ನು ಲೆಕ್ಕ ಕೇಳುತ್ತದೆ.
ಗೋಡೆಗೆ ಒರಗಿ ಕೈ ಮಡಿಸಿದಳು,
ಸಾಲ್ಮೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು.
ಅದೇ ಗೋಡೆಯಲ್ಲಿ ಮಕ್ಕಳ ಎತ್ತರದ ಗೆರೆಗಳಿದ್ದವು,
ಪಕ್ಕದಲ್ಲಿ ವರ್ಷ ಬರೆದು.
ಒಂದು ವರ್ಷದ ನಂತರ ಯಾರೂ ಬೆಳೆದಿರಲಿಲ್ಲ.
ಅವಳ ಗೆರೆಗೂ ಸಾಲ್ಮೆ ತಾರೀಕು ಹಾಕಿದಳು.

ಏನು ಕಡೆಯುತ್ತೀ?
ಬೆಣ್ಣೆ ಚಾಕಿಗೆ ಹಿಡಿ, ಎಂದಳು. ಆಮೇಲೆ ನೋಡೋಣ.
ಮೊಸರನ್ನೂ ಕಡೆಯುತ್ತಾರೆ, ಮರವನ್ನೂ ಕಡೆಯುತ್ತಾರೆ.
ಕೈ ತಪ್ಪಿದರೆ ಮೊಸರು ಗೋಡೆಗೆ ಸಿಡಿಯುತ್ತದೆ, ಮರ ಹಣೆಗೆ.
ಮೊದಲು ಮುಖಕ್ಕೊಂದು ಗುರಾಣಿ ಕೊಳ್ಳಬೇಕು.

ಶನಿವಾರ ಟ್ರ್ಯಾಕ್ಟರು ಬಂತು,
ಹಿಂದಿನ ಗಾಡಿಯಲ್ಲಿ ಕಂಬಳಿ ಹೊದ್ದ ಲೇತ್.
ಬಾಗಿಲಿಗೂ ಅದಕ್ಕೂ ನಡುವೆ ಉಳಿಯುವುದು ನಾಲ್ಕು ಬೆರಳು.
ಚಾಲಕ ಇಳಿದು ಅಳೆಯಲು ಟೇಪು ಹುಡುಕುತ್ತಿದ್ದ.
ವಿರ್ವೆ ಆಗಲೇ ಒಳಗೆ ಹೋಗಿ,
ಕೋಣೆಯ ಆ ತುದಿಗೆ ಬೆನ್ನು ಕೊಟ್ಟು,
ಎರಡೂ ಕೈ ಎತ್ತಿ ನಿಂತಿದ್ದಳು:
ಬಾ,
ಬಾ,
ಇನ್ನೊಂದು ಗೇಣು.