ಕೆಂಪು ಗಿಂಡಿ

ನನ್ನ ಓಮ್ನಿಯ ಮೀಟರಿನಲ್ಲಿ ಲಕ್ಷಕ್ಕೆ ಮನೆಯಿಲ್ಲ.
ಎರಡು ಸಲ ಸೊನ್ನೆಗೆ ಬಂದು
ಈಗ ಮೂವತ್ತೊಂದು ಸಾವಿರದ ನಾನೂರು ಅನ್ನುತ್ತದೆ,
ವಯಸ್ಸು ಕೇಳಿದರೆ ಸೆರಗು ಸರಿಮಾಡಿಕೊಳ್ಳುವ
ನಮ್ಮ ಚಿಕ್ಕತ್ತೆಯ ಹಾಗೆ.

ಬೆಳಗಿನ ಐದಕ್ಕೆ, ಹಿಂದಿನ ಸೀಟು ಕಿತ್ತ ಜಾಗದಲ್ಲಿ
ಆರುನೂರು ಚಪಾತಿ ಹಬೆಯಾಡುವಾಗ
ಕೀಲಿ ತಿರುಗಿಸಿದರೆ ಮೊದಲು ಟಕಟಕಟಕ,
ಒಣಗಿದ ಅವರೆ ಮೊರದಲ್ಲಿ ಅಲ್ಲಾಡಿದಂತೆ.
ಆಮೇಲೆ ಹಿಂದೆ ಒಂದು ನೀಲಿ ಹೊಗೆ,
ಊದುಬತ್ತಿಯಷ್ಟು. ಹೆಚ್ಚಿಲ್ಲ.
ಹಾಸ್ಟೆಲಿನ ಹುಡುಗರು ಮಾತ್ರ ಮೂಗು ಮುಚ್ಚುತ್ತಾರೆ.

ಗುತ್ತಲು ರಸ್ತೆಯ ಅಂಗಡಿ. ಕೌಂಟರಿನ ಹುಡುಗ ರಿತೇಶ
ಚಿನ್ನದ ಬಣ್ಣದ ಡಬ್ಬ ಮುಂದೆ ತಳ್ಳಿದ:
"ಫುಲ್ ಸಿಂಥೆಟಿಕ್ ಮೇಡಂ, ಐದು ಮೂವತ್ತು,
ನೀರಿನ ಹಾಗೆ ಓಡುತ್ತೆ,
ಒಳಗಿನ ಕೊಳೆಯನ್ನೆಲ್ಲ ತೊಳೆದುಬಿಡುತ್ತೆ."
ಬೆಲೆ ನೋಡಿದೆ. ನನ್ನ ಎರಡು ದಿನದ ಹಿಟ್ಟು.

ನಂಬರಿಗೆ ಅಂಟಿದ ಡಬ್ಲ್ಯೂ ಏನೆಂದು ಕೇಳಿದೆ.
ಚಳಿಗಾಲ ಅಂತೆ.
ಮಂಡ್ಯದ ಚಳಿಗಾಲ!
ಧನುರ್ಮಾಸದಲ್ಲಿ ಹದಿನೈದು ದಿನ
ಕಿವಿಗೆ ಸುತ್ತಿದ ಟವೆಲು, ಅಷ್ಟೇ.
ಇಲ್ಲಿ ಇಂಜಿನ್ನಿಗೆ ಗಂಡಾಂತರ ಏಪ್ರಿಲಿನಲ್ಲಿ.

ಇನಾಯತ್ ಸಾಬರು ಜೀಪಿನಡಿ ಮಲಗಿದ್ದರು,
ಎರಡು ಪಾದ ಮಾತ್ರ ಹೊರಗೆ. ಪಾದಗಳೇ ಅಂದವು:
"ತೊಳೀಬ್ಯಾಡ ಕಣಮ್ಮ.
ಇಪ್ಪತ್ತೇಳು ವರ್ಸದ ಕೊಳೆ ಅದು.
ಸೀಲು ಸತ್ತು ಯಾವ ಕಾಲಾಯ್ತು,
ಸೋರದಂಗೆ ಹಿಡ್ಕಂಡಿರೋದು ಆ ಕೊಳೇನೇ.
ತೊಳೆದ ದಿನ ಗಾಡಿ ಮೈಯೆಲ್ಲ ಬೆವರ್ತದೆ."

ತಳ ಹಿಡಿದ ಪಾತ್ರೆಗೆ ಬೂದಿ, ಹುಣಿಸೆಹಣ್ಣು ಹಾಕಿ
ಉಜ್ಜಿ ಉಜ್ಜಿ ಗೆದ್ದ ಕೈ ನನ್ನದು.
ಆ ಮಾತಿಗೆ ಕೈ ಸುಮ್ಮನೆ ನಿಂತಿತು.

ಅಪ್ಪ ಆಲೆಮನೆಯಲ್ಲಿ ಪಾಕ ನೋಡುತ್ತಿದ್ದ.
ಹೆಬ್ಬೆರಳು ತೋರುಬೆರಳ ನಡುವೆ ಬಿಸಿ ಹನಿ,
ಬೆರಳು ಬಿಡಿಸಿದರೆ ಎಳೆ.
ಎಳೆ ಬೇಗ ಕಡಿದರೆ ಇನ್ನೂ ಬೇಯಬೇಕು,
ಕಡಿಯದೆ ನಿಂತರೆ ಕೊಪ್ಪರಿಗೆ ಇಳಿಸಬೇಕು.
ಥರ್ಮಾಮೀಟರು ತಂದ ಇಂಜಿನಿಯರನಿಗೆ
ಬೆರಳ ತುದಿಯ ಸುಟ್ಟ ಕಲೆ ತೋರಿಸಿ
ನಕ್ಕಿದ್ದನಂತೆ.

ಡಿಪ್‌ಸ್ಟಿಕ್ ಎಳೆದು ನಾನೂ ಹಾಗೇ ಮಾಡಿದೆ.
ಎಳೆ ಬರಲಿಲ್ಲ. ಕಪ್ಪು ನೀರು,
ಬೆರಳ ಗೆರೆಗಳಿಗೆ ಇಳಿದು ಕೂತಿತು.
ಎರಡು ಕಬ್ಬಿಣದ ನಡುವೆ, ಕೂದಲು ತೂರದ ಸಂದಿಯಲ್ಲಿ
ನಿಲ್ಲಬೇಕಾದ್ದು ಇದು.
ಸಂದಿ ಸವೆದು ಅಗಲವಾಗಿದೆ,
ತೆಳ್ಳಗಿನದು ಜಾರಿಹೋಗುತ್ತದೆ.
ದಪ್ಪಗಿನದು ನಿಲ್ಲುತ್ತದೆ, ಆದರೆ ಬೆಳಗ್ಗೆ
ಮೇಲೆ ಹತ್ತಲು ಸೋಮಾರಿ.
ಎರಡರಲ್ಲೂ ಏನೋ ಒಂದು ಸವೆಯುತ್ತದೆ.

"ಇಪ್ಪತ್ತು ಐವತ್ತು ಕೊಡಪ್ಪ, ಸಾದಾದ್ದು, ಮೂರು ಲೀಟರು."
ರಿತೇಶ ಚಿನ್ನದ ಡಬ್ಬವನ್ನು
ಮಗುವನ್ನೆತ್ತಿದಂತೆ ಎತ್ತಿ ಶೆಲ್ಫಿಗಿಟ್ಟ.

ಸಾಬರು ನಟ್ಟು ಬಿಚ್ಚಿದರು.
ಹಳೆಯದು ಬಾಂಡಲಿಗೆ ಇಳಿಯಿತು,
ಮೊದಲು ಹಗ್ಗ, ಆಮೇಲೆ ದಾರ,
ಹನಿ ನಿಲ್ಲುವಷ್ಟರಲ್ಲಿ ಅವರ ಬೀಡಿ ಮುಗಿದಿತ್ತು.
ಹೊಸದಕ್ಕೆ ಜೋನಿಬೆಲ್ಲದ ಬಣ್ಣ.
ಡಬ್ಬ ಬರಿದಾದ ಮೇಲೂ ಕೊನೆಯ ಎಳೆ
ಕಡಿಯದೆ ನಿಂತಿತ್ತು.
ಇಳಿಸಬಹುದು, ಅಂದೆ. ಯಾರಿಗೂ ಅರ್ಥವಾಗಲಿಲ್ಲ.

ಕೀಲಿ.
ಮೀಟರಿನಡಿ ಕೆಂಪು ಗಿಂಡಿ ಹೊತ್ತಿತು,
ಮೂತಿಯಲ್ಲೊಂದು ಹನಿ.
ಒಂದು, ಎರಡು, ಮೂರು, ನಾಲ್ಕು.
ನಾಲ್ಕಕ್ಕೆ ಆರಿತು.
ಟಕಟಕ ಇತ್ತು, ಇನ್ನಷ್ಟು ಹೊತ್ತು ಇದ್ದು ಇಳಿಯಿತು.
ಹೊಗೆ? ಇತ್ತು.

ಮರುದಿನ ನಸುಕಿನಲ್ಲಿ ಟಾರ್ಚು ಹಿಡಿದು
ಗಾಡಿಯಡಿ ಹಾಸಿದ್ದ ರಟ್ಟು ಎಳೆದೆ.
ಒಂದು ಹನಿ,
ಮೊನ್ನೆಯ ಕಲೆಯ ಪಕ್ಕ, ಅಷ್ಟೇ ಗಾತ್ರ.
ರಟ್ಟನ್ನು ಮತ್ತೆ ಅಲ್ಲೇ ತಳ್ಳಿ
ಚಪಾತಿ ತುಂಬಿದೆ.