ಬಾಲವಿಲ್ಲದ ಚುಕ್ಕಿ

ಟಾರ್ಟು ಊರಿನ ವಸ್ತುಸಂಗ್ರಹಾಲಯದ ಹಿಂಗೋಣೆ.
ಜನವರಿ. ಮೂರೂವರೆಗೇ ಕಿಟಕಿ ಕಪ್ಪು.
ಹೆಲ್ವೆ ಮಸಿಯ ಬಾಟಲಿಯನ್ನು ಕಂಕುಳಲ್ಲಿಟ್ಟು
ಬೆಚ್ಚಗೆ ಮಾಡುತ್ತಾಳೆ,
ಕಾವು ಕೂತ ಕೋಳಿಯ ಹಾಗೆ, ಮಾತಿಲ್ಲದೆ.

ಮೇಜಿನ ಮೇಲೆ, ಹತ್ತಿಯ ಹಾಸಿನಲ್ಲಿ,
ಮೀನಿನ ತಲೆಚಿಪ್ಪಿನದೊಂದು ತುಣುಕು.
ಹೊಳೆದಂಡೆಯ ಕೆಂಪು ಮರಳುಗಲ್ಲಿನಿಂದ ಎದ್ದು ಬಂದದ್ದು.
ಅದು ಈಜುತ್ತಿದ್ದ ಕಾಲಕ್ಕೆ ಭೂಮಿಯ ಮೇಲೆ
ಹೂವೆಂಬುದಿರಲಿಲ್ಲ, ಹಕ್ಕಿಯೂ ಇರಲಿಲ್ಲ.
ಮೈತುಂಬ ಗುಳ್ಳೆ, ಸಾಸಿವೆ ಗಾತ್ರದ್ದು,
ಯಾರೋ ಎಣಿಸದೆ ಚೆಲ್ಲಿದ್ದು.

"ಗುಳ್ಳೆಯನ್ನು ಬರೆಯಬೇಡ," ಅಂದಿದ್ದಳು ಮೊದಲ ದಿನವೇ.
"ಅದರ ಸುತ್ತ ಕತ್ತಲೆ ಇಡು.
ತಾನಾಗಿ ಏಳುತ್ತದೆ."

ಬೆಳಕು ಯಾವಾಗಲೂ ಎಡಗಡೆ ಮೇಲಿಂದ.
ನಮ್ಮ ಕಿಟಕಿ ಇರುವುದು ಬಲಕ್ಕೆ,
ಅದರಲ್ಲಿ ಸೂರ್ಯ ಕಂಡು ಹತ್ತು ದಿನ.
ಆದರೂ ಎಡಗಡೆ ಮೇಲಿಂದ:
ನಮ್ಮ ಕಸುಬಿನವರೆಲ್ಲ ಒಪ್ಪಿಕೊಂಡ ಒಂದು ಸುಳ್ಳು.

ಪೆನ್ನು ನೆಟ್ಟಗೆ ಇಳಿಯಬೇಕು, ನೆಟ್ಟಗೆ ಏಳಬೇಕು.
ಅವಸರದವಳ ಚುಕ್ಕಿಗೆ ಬಾಲ ಬರುತ್ತದೆ.
ಬಾಲ ಬಂದರೆ ಅದು ಅಲ್ಪವಿರಾಮ,
ಮುಂದೇನೋ ಇದೆ ಅನ್ನುತ್ತದೆ.
ಚುಕ್ಕಿ ಏನೂ ಅನ್ನಬಾರದು.
ಇವನ್ನು ಕೂಡಿಸುವ ಗೆರೆ ಎಂದೂ ಬರುವುದಿಲ್ಲ.
ಹನಿಹನಿ ಕೂಡಿದರೆ ಹಳ್ಳ, ಇರಲಿ;
ಚುಕ್ಕಿಗೆ ಚುಕ್ಕಿ ತಾಗಿದರೆ ಇಲ್ಲಿ ಕೊಳೆ.
ಹತ್ತಿರ ನಿಲ್ಲಿಸು, ಮೈ ತಾಗಿಸಬೇಡ,
ಬಸ್ಸಿಗೆ ಕಾಯುವ ನಮ್ಮೂರ ಜನರ ಹಾಗೆ.

ಗುರುವಾರ ಫೋನು ಬಂತು.
ಹೆಲ್ವೆ ಎಡಗೈಯಲ್ಲಿ ಎತ್ತಿಕೊಂಡಳು.
"ಹೂಂ," ಅಂದಳು. "ಯಾವಾಗ?" ಅಂದಳು.
"ಹೂಂ."
ಬಲಗೈ ನಿಲ್ಲಲಿಲ್ಲ.
ಟಿಕ್, ಟಿಕ್, ಫಿಲ್ಮಿನ ಮೇಲೆ,
ತಗಡಿನ ಮೇಲೆ ಸಣ್ಣ ಆಲಿಕಲ್ಲು ಬಿದ್ದ ಹಾಗೆ.
ಫೋನು ಇಟ್ಟು, ಆ ಮೂಲೆ ಮುಗಿಸಿ,
ಪೆನ್ನು ತೊಳೆದು, ಮುಚ್ಚಳ ಹಾಕಿ,
ಕೋಟು ಮರೆತು ಹೊರಟಳು.
ಹಿಮದಲ್ಲಿ ಕೋಟು ಹಿಡಿದು ಓಡಿದೆ ನಾನು.
"ನನ್ನ ಅಕ್ಕ, ಮೈಮು," ಅಂದಳು. ಅಷ್ಟೇ.
ತೋಳು ತೂರಿಸಲು ತೋಳು ಸಿಗದೆ
ಇಬ್ಬರೂ ಸ್ವಲ್ಪ ಹೊತ್ತು ಆ ಕೋಟಿನೊಡನೆ ಹೆಣಗಿದೆವು.

ಪುಸ್ತಕ ಬರಲು ನಾಲ್ಕು ವರ್ಷ ಹಿಡಿಯಿತು.
ಹನ್ನೊಂದನೆಯ ಫಲಕ, ಎರಡನೆಯ ಚಿತ್ರ.
ಭೂತಗನ್ನಡಿ ಹಿಡಿದು ಹುಡುಕಿದೆ: ಬಲಗಡೆ ಕೆಳಗೆ,
ಚಿಪ್ಪು ಮುರಿದ ಅಂಚಿನಲ್ಲಿ, ನೆರಳು ದಟ್ಟವಾಗುವಲ್ಲಿ,
ಏಳು ಚುಕ್ಕಿಗೆ ಬಾಲ.
ಬ್ಲೇಡಿನಿಂದ ಕೆರೆದು ತೆಗೆಯಬಹುದಿತ್ತು.
ನನ್ನವನ್ನು ಸಾವಿರ ಕೆರೆಸಿದ್ದಾಳೆ.

ಮೀನಿನ ತಜ್ಞ ಊಕು ಕೆಳಗೆ ಟಿಪ್ಪಣಿ ಬರೆದಿದ್ದಾನೆ:
ಅಂಚಿನಲ್ಲಿ ಸೂಕ್ಷ್ಮ ಗೀರುಗಳು,
ಪ್ರಾಯಶಃ ಹರಿವ ಮರಳು ಉಜ್ಜಿ ಆದವು.

ಓದಿ ಹೇಳಿದೆ.
ಹೆಲ್ವೆ ಕನ್ನಡಕ ತೆಗೆದು ಒರೆಸಿದಳು.
"ಮರಳೇ ಇದ್ದೀತು," ಅಂದು
ನನ್ನ ಇವತ್ತಿನ ಬಾಲಗಳ ಕಡೆ
ಬ್ಲೇಡು ನೂಕಿದಳು.